ಕಾಯುವವಳನ್ನು ಕಾಯುವವರಾರು?

ಜೋಳದ ಹೊಲ ತೆನೆಗಟ್ಟಿದಾಗ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸುವವನನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಹಕ್ಕಿ ತಿಂದು ಹೋದ ತೆನೆ ಊರವರ ಕಣ್ಣಿಗೆಲ್ಲ ಬೀಳುತ್ತದೆ; ಉಳಿದ ತೆನೆಗಳು ಅವನ ದೆಸೆಯಿಂದ ಉಳಿದವೆಂದು ಎಣಿಸುವವರು ವಿರಳ. ಕಾಯುವ ಕೆಲಸದ ಸ್ವಭಾವವೇ ಅಂಥದು. ಒಲೆಯ ಮೇಲಿನ ಹಾಲನ್ನು ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಉಕ್ಕದಂತೆ ನೋಡಿಕೊಂಡ ಗೃಹಿಣಿ ಮಾತು ಕೇಳಬೇಕಾಗುವುದು ಹಾಲು ಉಕ್ಕಿದ ಆ ಒಂದು ದಿನ. ಸಾಧಿಸಿದ್ದು ಕಾಣುವುದಿಲ್ಲ, ತಪ್ಪಿದ್ದು ಮಾತ್ರ ಕಾಣುತ್ತದೆ.

ಫುಟ್‌ಬಾಲ್ ಆಟದಲ್ಲಿ ಈ ಪಾಡು ಗೋಲ್‌ಕೀಪರನದು. ಹನ್ನೊಂದು ಜನರ ತಂಡದಲ್ಲಿ ಕೈಯಿಂದ ಚೆಂಡು ಹಿಡಿಯುವ ಅಧಿಕಾರ ಇವನೊಬ್ಬನಿಗೆ. ಹೊಣೆಯೂ ಇವನೊಬ್ಬನ ಮೇಲೆ. ಏಳು ಮೀಟರಿಗೂ ಹೆಚ್ಚು ಅಗಲದ, ಎರಡೂವರೆ ಮೀಟರಿನಷ್ಟು ಎತ್ತರದ ಬಾಗಿಲನ್ನು ಒಬ್ಬನೇ ಕಾಯಬೇಕು. ಮುಂದಿನ ಸಾಲಿನ ಆಟಗಾರ ಹತ್ತು ಸಲ ಎಡವಿ ಹನ್ನೊಂದನೆಯ ಸಲ ಗೋಲು ಹೊಡೆದರೆ ಅವನನ್ನು ಹೆಗಲ ಮೇಲೆ ಹೊರುತ್ತಾರೆ. ಗೋಲ್‌ಕೀಪರ್ ಹತ್ತು ಸಲ ತಡೆದು ಹನ್ನೊಂದನೆಯ ಸಲ ಸೋತರೆ ಆ ಹನ್ನೊಂದನೆಯದೇ ಉಳಿಯುವ ಮಾತು. ಈ ಸ್ಥಾನದಲ್ಲಿ ನಿಂತು ಜಗತ್ತಿನ ಶಿಖರವನ್ನು ಮುಟ್ಟಿದ ಒಬ್ಬ ಹೆಣ್ಣುಮಗಳ ಜೀವನವನ್ನು ಈ ತಿಂಗಳು ನಮ್ಮ ಓದುಗರ ಮುಂದಿಡಬೇಕೆನಿಸಿತು. ಆಕೆ ಅಮೆರಿಕದ ಬ್ರಯಾನಾ ಸ್ಕರಿ. ಆಕೆಯ ಗೆಲುವಿನ ಕಥೆ ಸಾಕಷ್ಟು ದೊಡ್ಡದು. ನಮ್ಮ ಮನೆಗಳಿಗೆ ಅದಕ್ಕಿಂತ ಹೆಚ್ಚು ಬೇಕಾದದ್ದು ಆ ಗೆಲುವುಗಳ ನಂತರ ಆಕೆ ಅನುಭವಿಸಿದ, ಯಾರ ಕಣ್ಣಿಗೂ ಕಾಣದ ನೋವಿನ ಕಥೆ.

ಒಂಬತ್ತು ಮಕ್ಕಳಲ್ಲಿ ಕಿರಿಯಳು

ಬ್ರಯಾನಾ ಹುಟ್ಟಿದ್ದು 1971ರ ಸೆಪ್ಟೆಂಬರ್ 7ರಂದು, ಅಮೆರಿಕದ ಉತ್ತರ ಭಾಗದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದಲ್ಲಿ. ಒಂಬತ್ತು ಮಕ್ಕಳ ತುಂಬು ಸಂಸಾರದಲ್ಲಿ ಈಕೆಯೇ ಕಡೆಯವಳು. ಬೆಳೆದದ್ದು ಡೇಟನ್ ಎಂಬ ಸಣ್ಣ ಊರಿನಲ್ಲಿ. ಸುತ್ತಲಿನವರೆಲ್ಲ ಬಿಳಿಯರು, ಇವರದು ಕಪ್ಪು ಜನಾಂಗದ ಕುಟುಂಬ. ಆ ಭಾಗದಲ್ಲಿ ಚಳಿ ಬಹಳ. ವರ್ಷದ ಹಲವು ತಿಂಗಳು ಹಿಮ ಮುಚ್ಚಿರುವ ನೆಲದಲ್ಲಿ ಫುಟ್‌ಬಾಲಿಗೆ ಸಿಗುವ ಕಾಲಾವಕಾಶವೇ ಕಡಿಮೆ.

ಆಕೆಗೆ ಎಂಟು ವರ್ಷವಾಗಿದ್ದಾಗ, 1980ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಐಸ್ ಹಾಕಿ ತಂಡ ಬಲಾಢ್ಯ ಸೋವಿಯತ್ ತಂಡವನ್ನು ಸೋಲಿಸಿತು. ವಿದ್ಯಾರ್ಥಿಗಳೇ ಹೆಚ್ಚಿದ್ದ ತಂಡವೊಂದು ಹಾಗೆ ಗೆದ್ದುದನ್ನು ಟೆಲಿವಿಷನ್ನಿನಲ್ಲಿ ಕಂಡ ಬಾಲಕಿಯ ಮನಸ್ಸಿನಲ್ಲಿ ಒಲಿಂಪಿಕ್ಸ್ ಎಂಬ ಮಾತು ಬೇರೂರಿತು. ಯಾವ ಆಟದಲ್ಲಿ ಎಂಬುದು ಆಗ ತಿಳಿದಿರಲಿಲ್ಲ. ಹೆಣ್ಣುಮಕ್ಕಳ ಫುಟ್‌ಬಾಲ್ ಒಲಿಂಪಿಕ್ಸ್‌ಗೆ ಇನ್ನೂ ಕಾಲಿಟ್ಟಿರಲೇ ಇಲ್ಲ.

ಫುಟ್‌ಬಾಲ್ ಆಡಲು ಹೋದಾಗ ಅಲ್ಲಿ ಹುಡುಗಿಯರ ತಂಡ ಇರಲಿಲ್ಲ. ಹುಡುಗರ ತಂಡದಲ್ಲಿ ಈಕೆಯೊಬ್ಬಳೇ ಹುಡುಗಿ. ಪೆಟ್ಟಾಗದಿರಲಿ ಎಂಬ ಸದುದ್ದೇಶದಿಂದ ತರಬೇತುದಾರರು ಆಕೆಯನ್ನು ಗೋಲಿನ ಮುಂದೆ ನಿಲ್ಲಿಸಿದರಂತೆ. ಮೈದಾನದಲ್ಲಿ ಅತ್ಯಂತ ಸುರಕ್ಷಿತವಾದ ಜಾಗ ಅದೆಂದು ಅವರ ಎಣಿಕೆ. ಎದುರಾಳಿಗಳು ಪೂರ್ಣ ವೇಗದಲ್ಲಿ ನುಗ್ಗಿ ಬರುವಾಗ ಅವರ ಕಾಲುಗಳ ನಡುವೆ ತಲೆಯೊಡ್ಡಿ ಬೀಳಬೇಕಾದ ಜಾಗವೂ ಅದೇ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮೂವತ್ತು ವರ್ಷಗಳ ನಂತರ ಅದಕ್ಕೆ ಬೇರೊಂದು ಅರ್ಥ ಬರಲಿದೆ.

ಪ್ರೌಢಶಾಲೆಯ ತಂಡವನ್ನು 1989ರಲ್ಲಿ ರಾಜ್ಯದ ಚಾಂಪಿಯನ್ ಪಟ್ಟಕ್ಕೆ ಏರಿಸಿದ ಮೇಲೆ ಬ್ರಯಾನಾ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯವನ್ನು ಸೇರಿದಳು. ಓದಿದ್ದು ರಾಜ್ಯಶಾಸ್ತ್ರ; ಮುಂದೆ ಕಾನೂನು ಓದುವ ಆಲೋಚನೆ. ಹೆಣ್ಣುಮಕ್ಕಳು ಫುಟ್‌ಬಾಲ್ ಆಡಿ ಹೊಟ್ಟೆ ಹೊರೆಯಬಹುದೆಂದು ಆ ದಿನಗಳಲ್ಲಿ ಅಮೆರಿಕದಲ್ಲಿಯೂ ಯಾರೂ ನಂಬುತ್ತಿರಲಿಲ್ಲ. 1993ರಲ್ಲಿ ಆಕೆಯ ವಿಶ್ವವಿದ್ಯಾಲಯದ ತಂಡ ರಾಷ್ಟ್ರಮಟ್ಟದ ಸೆಮಿಫೈನಲ್ ತಲುಪಿದಾಗ ಆಯ್ಕೆಗಾರರ ಕಣ್ಣು ಈ ಗೋಲ್‌ಕೀಪರಳ ಮೇಲೆ ಬಿತ್ತು. 1994ರ ಮಾರ್ಚ್‌ನಲ್ಲಿ ಪೋರ್ಚುಗಲ್ ವಿರುದ್ಧ ರಾಷ್ಟ್ರೀಯ ತಂಡದ ಪರ ಮೊದಲ ಪಂದ್ಯ ಆಡಿದಳು; ಒಂದು ಗೋಲನ್ನೂ ಬಿಡಲಿಲ್ಲ. ಕಾನೂನಿನ ಪುಸ್ತಕಗಳು ಹಾಗೆಯೇ ಉಳಿದವು.

1995ರ ವಿಶ್ವಕಪ್ಪಿನಲ್ಲಿ ಅಮೆರಿಕಕ್ಕೆ ದೊರೆತದ್ದು ಮೂರನೆಯ ಸ್ಥಾನ. ಅದೇ ವರ್ಷದ ಕೊನೆಯಲ್ಲಿ ಮತ್ತೊಂದು ಪಂದ್ಯ ಮೈದಾನದ ಹೊರಗೆ ನಡೆಯಿತು. ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರೆ ಮಾತ್ರ ಬಹುಮಾನಧನ ಎಂದು ಒಕ್ಕೂಟ ಹೇಳಿದಾಗ, ಬೆಳ್ಳಿಗೂ ಬೆಲೆಯಿದೆ ಎಂದು ಒಂಬತ್ತು ಪ್ರಮುಖ ಆಟಗಾರ್ತಿಯರು ಒಪ್ಪಂದಕ್ಕೆ ರುಜು ಹಾಕಲು ನಿರಾಕರಿಸಿದರು. ಬ್ರಯಾನಾ ಅವರಲ್ಲಿ ಒಬ್ಬಳು. ಅಮೆರಿಕದ ಪುರುಷ ಮತ್ತು ಮಹಿಳಾ ರಾಷ್ಟ್ರೀಯ ತಂಡಗಳಿಗೆ ಸಮಾನ ವೇತನ ಕೊಡುವ ಒಪ್ಪಂದ ಕೊನೆಗೂ ಆದದ್ದು 2022ರಲ್ಲಿ. ಆ ಬೀಜ ಬಿತ್ತಿದವರಲ್ಲಿ ಈಕೆಯೂ ಇದ್ದಳೆಂಬುದನ್ನು ಮರೆಯುವಂತಿಲ್ಲ.

1996ರಲ್ಲಿ ಅಟ್ಲಾಂಟ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಫುಟ್‌ಬಾಲಿಗೆ ಮೊದಲ ಬಾರಿ ಅವಕಾಶ ದೊರೆಯಿತು. ಅಂತಿಮ ಪಂದ್ಯದಲ್ಲಿ ಚೀನಾವನ್ನು 2–1ರಿಂದ ಸೋಲಿಸಿ ಅಮೆರಿಕ ಚಿನ್ನ ಗೆದ್ದಿತು. ಎಂಟು ವರ್ಷದ ಬಾಲಕಿಯ ಕನಸು ಇಪ್ಪತ್ತೈದು ತುಂಬುವ ಮೊದಲೇ ಕೊರಳಿಗೆ ಬಂದಿತ್ತು.

ಹನ್ನೊಂದು ಮೀಟರ್ ದೂರದಿಂದ

ಬ್ರಯಾನಾ ಸ್ಕರಿಯ ಹೆಸರು ಇಂದಿಗೂ ಜನರ ಬಾಯಲ್ಲಿರುವುದು 1999ರ ಜುಲೈ 10ರ ಮಧ್ಯಾಹ್ನದಿಂದ. ಕ್ಯಾಲಿಫೋರ್ನಿಯಾದ ಪಾಸಡೀನದಲ್ಲಿರುವ ರೋಸ್ ಬೌಲ್ ಕ್ರೀಡಾಂಗಣದಲ್ಲಿ ಮಹಿಳಾ ವಿಶ್ವಕಪ್ಪಿನ ಅಂತಿಮ ಪಂದ್ಯ. ಎದುರಾಳಿ ಮತ್ತೆ ಚೀನಾ. ನೆರೆದವರು 90,185 ಜನ. ಹೆಣ್ಣುಮಕ್ಕಳ ಆಟವೊಂದನ್ನು ನೋಡಲು ಅಷ್ಟು ಜನ ಸೇರಿದ್ದು ಅದುವರೆಗೆ ಅಮೆರಿಕದಲ್ಲಿ ಎಂದೂ ಇರಲಿಲ್ಲ. ದೇಶದ ಅಧ್ಯಕ್ಷ ಕ್ಲಿಂಟನ್ ಕೂಡ ಪ್ರೇಕ್ಷಕರ ನಡುವೆ ಇದ್ದರು.

ಉರಿಬಿಸಿಲಿನಲ್ಲಿ ತೊಂಬತ್ತು ನಿಮಿಷ ಆಡಿದರೂ ಗೋಲಿಲ್ಲ. ಹೆಚ್ಚುವರಿ ಮೂವತ್ತು ನಿಮಿಷದಲ್ಲಿ ಚೀನಾದ ಆಟಗಾರ್ತಿ ತಲೆಯಿಂದ ಹೊಡೆದ ಚೆಂಡು ಬ್ರಯಾನಾಳನ್ನು ದಾಟಿ ಗೋಲಿನತ್ತ ಸಾಗಿತ್ತು; ಗೆರೆಯ ಮೇಲೆ ನಿಂತಿದ್ದ ಕ್ರಿಸ್ಟೀನ್ ಲಿಲ್ಲಿ ಅದನ್ನು ತಲೆಯಿಂದಲೇ ಹೊರಗಟ್ಟಿದಳು. ಕಾಯುವವಳ ಬೆನ್ನಿಗೂ ಒಬ್ಬರು ನಿಂತಿರಬೇಕಾಗುತ್ತದೆ. ನೂರ ಇಪ್ಪತ್ತು ನಿಮಿಷಗಳ ನಂತರವೂ ಸಮ. ಕೊನೆಗೆ ಪೆನಾಲ್ಟಿ ಒದೆತಗಳಿಂದಲೇ ತೀರ್ಮಾನವಾಗಬೇಕಾಯಿತು.

ಪೆನಾಲ್ಟಿ ಎಂದರೇನೆಂದು ಆಟ ತಿಳಿಯದ ಓದುಗರಿಗೆ ಎರಡು ಮಾತು. ಗೋಲಿನಿಂದ ಹನ್ನೊಂದು ಮೀಟರ್ ದೂರದಲ್ಲಿ ಚೆಂಡನ್ನು ಇಡುತ್ತಾರೆ. ಒದೆಯುವವಳಿಗೂ ಕಾಯುವವಳಿಗೂ ನಡುವೆ ಯಾರೂ ಇಲ್ಲ. ಒದ್ದ ಚೆಂಡು ಗೋಲು ತಲುಪಲು ಸುಮಾರು ಅರ್ಧ ಸೆಕೆಂಡು ಸಾಕು. ಚೆಂಡು ಹೊರಟ ಮೇಲೆ ಯೋಚಿಸಿದರೆ ತಡವಾಯಿತು. ಒದೆಯುವವಳ ನಡೆ, ಸೊಂಟದ ತಿರುವು, ಕಣ್ಣಿನ ಓಟ ಇವುಗಳಿಂದಲೇ ದಿಕ್ಕನ್ನು ಊಹಿಸಿ ಜಿಗಿಯಬೇಕು. ಗೋಲಾಗುವುದೇ ಸಹಜ, ತಡೆಯುವುದು ಅಪರೂಪ. ಆದ್ದರಿಂದ ಸೋತರೆ ಅವಮಾನವಿಲ್ಲದ ಕೆಲಸ ಗೋಲ್‌ಕೀಪರಿಗೆ ಇಡೀ ಪಂದ್ಯದಲ್ಲಿ ಇದೊಂದೇ.

ಎರಡೂ ತಂಡಗಳ ಮೊದಲ ಎರಡೆರಡು ಒದೆತಗಳೂ ಗೋಲಾದವು. ಚೀನಾದ ಮೂರನೆಯವಳಾಗಿ ಲಿಯು ಯಿಂಗ್ ನಡೆದುಬಂದಳು. ಒದೆಯಲು ಬರುವವರ ಮುಖವನ್ನು ನೋಡದಿರುವುದು ಬ್ರಯಾನಾಳ ರೂಢಿ. ಆ ಸಲ ಮಾತ್ರ ತಲೆಯೆತ್ತಿ ನೋಡಿದಳು. ದಣಿದ ಹೆಜ್ಜೆ, ಬಾಗಿದ ಭುಜ ಕಂಡವು. ತಡೆಯಬೇಕಾದದ್ದು ಇದನ್ನೇ ಎಂದು ಒಳಗಿನಿಂದ ಒಂದು ನಿಶ್ಚಯ ಮೂಡಿತೆಂದು ಆಕೆ ಮುಂದೆ ಅನೇಕ ಸಲ ಹೇಳಿಕೊಂಡಿದ್ದಾಳೆ. ಚೆಂಡು ಬಂದ ಕಡೆಗೆ, ತನ್ನ ಎಡಕ್ಕೆ, ಮೈಯನ್ನೆಲ್ಲ ಚಾಚಿ ಎಸೆದುಕೊಂಡಳು. ಚೆಂಡು ಕೈಗೆ ತಗುಲಿ ಹೊರಗೆ ಹೋಯಿತು. ಅಮೆರಿಕದವರು ಉಳಿದ ಒದೆತಗಳನ್ನೆಲ್ಲ ಗೋಲು ಮಾಡಿ 5–4ರಿಂದ ವಿಶ್ವಕಪ್ ಗೆದ್ದರು.

ಒದೆಯುವ ಮುನ್ನವೇ ಆಕೆ ಗೆರೆ ಬಿಟ್ಟು ಮುಂದೆ ಬಂದಿದ್ದಳು, ಅದು ನಿಯಮಕ್ಕೆ ವಿರುದ್ಧ ಎಂಬ ಆಕ್ಷೇಪವೂ ಎದ್ದಿತು. ಚಿತ್ರಗಳನ್ನು ನೋಡಿದರೆ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು. ರೆಫರಿ ಮಾತ್ರ ತಡೆಯಲಿಲ್ಲ. ಆ ಕಾಲದಲ್ಲಿ ಗೋಲ್‌ಕೀಪರುಗಳು ಹೀಗೆ ಮುಂದೆ ಬರುವುದು ಅಪರೂಪವೂ ಆಗಿರಲಿಲ್ಲ. ಈ ಕಲೆಯನ್ನು ಮುಚ್ಚಿಟ್ಟು ಗೆಲುವನ್ನಷ್ಟೇ ಹೊಗಳುವುದು ನಮಗೆ ಸರಿಯೆನಿಸಲಿಲ್ಲ.

ಮರುದಿನದಿಂದ ಪತ್ರಿಕೆಗಳ ಮುಖಪುಟದಲ್ಲಿ ಮೆರೆದದ್ದು ಕೊನೆಯ ಗೋಲು ಹೊಡೆದ ಬ್ರ್ಯಾಂಡಿ ಚಾಸ್ಟೇನ್ ಚಿತ್ರ. ತಡೆದ ಕೈಗಿಂತ ಹೊಡೆದ ಕಾಲಿಗೆ ಬೆಳಕು ಹೆಚ್ಚು. ಬ್ರಯಾನಾಳ ಹೆಸರು ಮರೆಯಾಗಲಿಲ್ಲ ನಿಜ. ಆದರೆ ತಂಡದ ಇತರ ತಾರೆಯರಿಗೆ ಬಂದಷ್ಟು ಜಾಹೀರಾತು, ಪ್ರಚಾರ ಆಕೆಯ ಪಾಲಿಗೆ ಬರಲಿಲ್ಲ.

ಏಳುಬೀಳಿನ ವೃತ್ತಿ

ಆ ವಿಶ್ವಕಪ್ಪಿನ ಉತ್ಸಾಹದಲ್ಲಿ ಅಮೆರಿಕದಲ್ಲಿ ಮಹಿಳೆಯರ ಪೂರ್ಣಪ್ರಮಾಣದ ವೃತ್ತಿಪರ ಲೀಗ್ ಹುಟ್ಟಿತು. 2001ರಲ್ಲಿ ಎಂಟು ತಂಡಗಳೊಡನೆ ಆಟ ಆರಂಭ. ಸಂಬಳ ಪಡೆದು ಫುಟ್‌ಬಾಲ್ ಆಡುವ ಅವಕಾಶ ಹೆಣ್ಣುಮಕ್ಕಳಿಗೆ ದೊರೆಯಿತು. ಬ್ರಯಾನಾ ಅಟ್ಲಾಂಟ ಬೀಟ್ ತಂಡದ ಗೋಲು ಕಾಯ್ದಳು. ಮೂರು ವರ್ಷಗಳಲ್ಲಿ ಎರಡು ಸಲ ತಂಡ ಅಂತಿಮ ಪಂದ್ಯಕ್ಕೆ ಬಂದು ಎರಡು ಸಲವೂ ಸೋತಿತು. ಲೀಗ್ ಮಾತ್ರ ಬಾಳಲಿಲ್ಲ. ಐದು ವರ್ಷಕ್ಕೆಂದು ತೆಗೆದಿರಿಸಿದ್ದ ನಾಲ್ಕು ಕೋಟಿ ಡಾಲರ್ ಮೊದಲ ವರ್ಷದಲ್ಲಿಯೇ ಕರಗಿತು. 2003ರ ಸೆಪ್ಟೆಂಬರ್‌ನಲ್ಲಿ, ಮುಂದಿನ ವಿಶ್ವಕಪ್ಪಿಗೆ ಐದೇ ದಿನ ಇರುವಾಗ, ಲೀಗನ್ನು ನಿಲ್ಲಿಸಿದರು. ದುಡಿಮೆ ಕಳೆದುಕೊಂಡ ವಾರದಲ್ಲಿಯೇ ದೇಶಕ್ಕಾಗಿ ಆಡಬೇಕಾದ ಪ್ರಸಂಗ.

ಅದಕ್ಕೂ ಮೊದಲು ಬ್ರಯಾನಾಳ ಪಾಲಿಗೆ ಒಂದು ಇಳಿಗಾಲ ಬಂದಿತ್ತು. 1999ರ ನಂತರ ಗಾಯಗಳಾದವು, ಮೈತೂಕ ಏರಿತು, ಸ್ಥಾನ ಕೈತಪ್ಪಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಸಿರಿ ಮಲ್ಲಿನಿಕ್ಸ್ ಆಡಿದಳು. ವಿಶ್ವವಿಜೇತೆ ಬೆಂಚಿನ ಮೇಲೆ ಕೂತು ನೋಡಿದಳು. ಕುಳಿತಲ್ಲಿಯೇ ಕೊರಗಲಿಲ್ಲ. ಮೈಯನ್ನು ಮತ್ತೆ ಹದಗೊಳಿಸಿಕೊಂಡು ಸ್ಥಾನವನ್ನು ಮರಳಿ ಗಳಿಸಿದಳು. 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್‌ಗೆ ಹೊರಡುವ ಮುನ್ನ ತಂದೆ ತೀರಿಕೊಂಡರು. ಆ ದುಃಖವನ್ನು ಹೊತ್ತುಕೊಂಡೇ ಆಡಿದಳು. ಬ್ರೆಜಿಲ್ ವಿರುದ್ಧದ ಅಂತಿಮ ಪಂದ್ಯದಲ್ಲಿ ಆಕೆ ತಡೆದ ಚೆಂಡುಗಳಿಲ್ಲದಿದ್ದರೆ 2–1ರ ಗೆಲುವು ಸಾಧ್ಯವಾಗುತ್ತಿರಲಿಲ್ಲ. ಕೊರಳಿಗೆ ಎರಡನೆಯ ಚಿನ್ನ ಬಂತು.

2007ರ ವಿಶ್ವಕಪ್ಪಿನ ಪ್ರಸಂಗ ಕಹಿಯಾದದ್ದು. ಆಗ ಆಕೆಗೆ ಮೂವತ್ತಾರು. ಮೊದಲ ಆಯ್ಕೆ ಕಿರಿಯಳಾದ ಹೋಪ್ ಸೋಲೋಳದು. ಸೆಮಿಫೈನಲ್‌ನಲ್ಲಿ ಬ್ರೆಜಿಲ್ ಎದುರಾದಾಗ ತರಬೇತುದಾರ ಗ್ರೆಗ್ ರಯಾನ್ ಹಠಾತ್ತಾಗಿ ಬ್ರಯಾನಾಳನ್ನು ಇಳಿಸಿದರು. ಅಮೆರಿಕ 4–0ಯಿಂದ ಸೋತಿತು. ತಾನಿದ್ದರೆ ಆ ಗೋಲುಗಳನ್ನು ತಡೆಯುತ್ತಿದ್ದೆ ಎಂಬರ್ಥದ ಮಾತನ್ನು ಸೋಲೋ ಎಲ್ಲರೆದುರು ಆಡಿಬಿಟ್ಟಳು. ಬ್ರಯಾನಾ ಎದುರುಮಾತಿಗೆ ಇಳಿಯಲಿಲ್ಲ. ಮೂರು ದಿನಗಳ ನಂತರ ಮೂರನೆಯ ಸ್ಥಾನದ ಪಂದ್ಯದಲ್ಲಿ ಮತ್ತೆ ಗೋಲಿನ ಮುಂದೆ ನಿಂತಳು; ನಾರ್ವೆಯ ವಿರುದ್ಧ ತಂಡ 4–1ರಿಂದ ಗೆದ್ದಿತು. ಹತ್ತು ವರ್ಷ ಕಾದವಳನ್ನು ಒಂದು ಸಂಜೆಯಿಂದ ಅಳೆಯುವ ರೂಢಿಗೆ ಆಕೆ ಕೊಟ್ಟ ಉತ್ತರ ಅಷ್ಟೇ. ಆಕೆಯ ರಾಷ್ಟ್ರೀಯ ಪಂದ್ಯಗಳ ಸಂಖ್ಯೆ ನೂರೆಪ್ಪತ್ತನ್ನು ದಾಟಿದೆ.

ಒಂದು ಮೊಣಕಾಲು

2009ರಲ್ಲಿ ಹೊಸದೊಂದು ವೃತ್ತಿಪರ ಲೀಗ್ ಆರಂಭವಾಯಿತು. ಬ್ರಯಾನಾ ವಾಷಿಂಗ್ಟನ್ ಫ್ರೀಡಂ ತಂಡವನ್ನು ಸೇರಿದಳು. 2010ರ ಏಪ್ರಿಲ್ 25ರಂದು ಫಿಲಡೆಲ್ಫಿಯ ತಂಡದೊಡನೆ ಪಂದ್ಯ. ನೆಲಕ್ಕೆ ಸಮೀಪವಾಗಿ ಬಂದ ಸಾಮಾನ್ಯ ಚೆಂಡೊಂದನ್ನು ಹಿಡಿಯಲು ಬಾಗಿದಾಗ, ಓಡಿಬಂದ ಎದುರಾಳಿಯ ಮೊಣಕಾಲು ತಲೆಯ ಪಕ್ಕಕ್ಕೆ ಅಪ್ಪಳಿಸಿತು. ಇಂಥ ಪೆಟ್ಟುಗಳನ್ನು ಆಕೆ ಅನೇಕ ಸಲ ತಿಂದಿದ್ದಳು. ರಕ್ತ ಬರಲಿಲ್ಲ, ಎಲುಬು ಮುರಿಯಲಿಲ್ಲ. ಎದ್ದಳು, ಆಟ ಮುಂದುವರಿಸಿದಳು. ಮಧ್ಯವಿರಾಮದಲ್ಲಿ ಹೊರಗೆ ನಡೆಯುವಾಗ ಹೆಜ್ಜೆ ತೂರಾಡುತ್ತಿತ್ತು. ಮತ್ತೆ ಆಕೆ ಎಂದೂ ವೃತ್ತಿಪರ ಪಂದ್ಯ ಆಡಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಿವೃತ್ತಿ ಘೋಷಿಸಿದಳು. ಲೀಗ್ ಕೂಡ 2012ರಲ್ಲಿ ಮುಚ್ಚಿಹೋಯಿತು.

ಆ ಪೆಟ್ಟಿನ ಹೆಸರು ಕನ್ಕಷನ್, ಅಂದರೆ ಮಿದುಳಿನ ಆಘಾತ. ತಲೆಬುರುಡೆಯೊಳಗೆ ಮಿದುಳು ದ್ರವದಲ್ಲಿ ತೇಲುವಂತಿರುತ್ತದೆ. ತಲೆಗೆ ಹಠಾತ್ತಾಗಿ ಬಲವಾದ ಏಟು ಬಿದ್ದಾಗ ಬುರುಡೆ ನಿಂತರೂ ಒಳಗಿನ ಮಿದುಳು ಅಲುಗಿ ತಿರುಚುತ್ತದೆ. ನರತಂತುಗಳ ಕೆಲಸ ಕೆಡುತ್ತದೆ. ಹೊರಗೆ ಗಾಯವಿಲ್ಲ. ಎಷ್ಟೋ ಸಲ ಸ್ಕ್ಯಾನ್ ಮಾಡಿಸಿದರೂ ಚಿತ್ರದಲ್ಲಿ ಏನೂ ಕಾಣದು. ಪ್ರಜ್ಞೆ ತಪ್ಪಲೇಬೇಕೆಂದೂ ಇಲ್ಲ. ಬಹುಪಾಲು ಜನ ಕೆಲವು ವಾರಗಳಲ್ಲಿ ಗುಣವಾಗುತ್ತಾರೆ. ಕೆಲವರಿಗೆ ಮಾತ್ರ ತಿಂಗಳುಗಳು, ವರ್ಷಗಳು ಹಿಡಿಯುತ್ತವೆ. ಬ್ರಯಾನಾ ಆ ಕೆಲವರಲ್ಲಿ ಒಬ್ಬಳಾದಳು.

ತಲೆಯ ಹಿಂಭಾಗದಿಂದ ಏಳುವ ನೋವು ಬಿಡಲೇ ಇಲ್ಲ. ಬೆಳಕು ಸೇರದು, ಸದ್ದು ಸೇರದು. ನಿದ್ದೆ ಹಾರಿತು. ಓದಿದ್ದು ನೆನಪಿನಲ್ಲಿ ನಿಲ್ಲದು. ಮನಸ್ಸಿಗೆ ಕತ್ತಲು ಕವಿಯಿತು. ತೊಂಬತ್ತು ಸಾವಿರ ಜನರ ಕೂಗಿನ ನಡುವೆ ಮನಸ್ಸನ್ನು ಒಂದು ಬಿಂದುವಿನಲ್ಲಿ ನಿಲ್ಲಿಸಿದ್ದವಳಿಗೆ ಒಂದು ಪುಟದ ಮೇಲೆ ಕಣ್ಣು ನಿಲ್ಲಿಸುವುದು ಕಷ್ಟವಾಯಿತು. ನೋಡಿದವರಿಗೆ ಆಕೆ ಚೆನ್ನಾಗಿಯೇ ಇದ್ದಳು. ಎತ್ತರದ ಆಳು, ಗಟ್ಟಿಮುಟ್ಟಾದ ಮೈ, ನಡೆದಾಡುತ್ತಾಳೆ, ನಗುತ್ತಾಳೆ. ಕಾಲು ಮುರಿದವನಿಗೆ ಕಟ್ಟು ಇರುತ್ತದೆ. ಕಂಡವರು ದಾರಿ ಬಿಡುತ್ತಾರೆ. ಈ ನೋವಿಗೆ ಕಟ್ಟಿಲ್ಲ, ಆದ್ದರಿಂದ ಸಾಕ್ಷಿಯೂ ಇಲ್ಲ. ಚಿಕಿತ್ಸೆಯ ಖರ್ಚಿನ ವಿಚಾರದಲ್ಲಿ ವಿಮೆಯವರೊಡನೆ ವರ್ಷಗಟ್ಟಲೆ ಜಗ್ಗಾಟ ನಡೆಯಿತು. ನೋವಿರುವುದನ್ನು ರುಜುವಾತುಪಡಿಸುವುದೇ ನೋವಿಗಿಂತ ದೊಡ್ಡ ಕೆಲಸವಾಯಿತು.

ಕೈಯಲ್ಲಿದ್ದ ಹಣ ಮುಗಿಯಿತು. ನ್ಯೂಜೆರ್ಸಿಯ ಲಿಟಲ್ ಫಾಲ್ಸ್ ಎಂಬ ಊರಿನಲ್ಲಿ ಒಂಟಿಯಾಗಿ ದಿನ ದೂಡುತ್ತಿದ್ದ ಆಕೆ ತನ್ನ ಎರಡೂ ಒಲಿಂಪಿಕ್ ಚಿನ್ನದ ಪದಕಗಳನ್ನು 18,000 ಡಾಲರಿಗೆ ಗಿರವಿಯಿಟ್ಟಳು. ಹೊಟ್ಟೆಪಾಡಿಗಾಗಿ ಮೈಮೇಲಿನ ಒಡವೆಯನ್ನು ಗಿರವಿ ಅಂಗಡಿಗೆ ಒಯ್ದ ಹೆಣ್ಣುಮಕ್ಕಳ ಮನಸ್ಸು ನಮ್ಮ ಓದುಗರಿಗೆ ತಿಳಿಯದ್ದೇನಲ್ಲ. ಊರಿನ ಜಲಪಾತದ ಅಂಚಿನಲ್ಲಿ ನಿಂತು ಜೀವ ಬಿಡುವ ಯೋಚನೆಯೂ ಒಮ್ಮೆ ಬಂದಿತ್ತೆಂದು ಆಕೆಯೇ ನಂತರ ಬಹಿರಂಗವಾಗಿ ಹೇಳಿದ್ದಾಳೆ. ಆಗ ಹಿಂದಕ್ಕೆಳೆದದ್ದು ತಾಯಿಯ ನೆನಪು. ಈ ಸುದ್ದಿ ತಾಯಿಗೆ ಮುಟ್ಟಿದರೆ ಗತಿಯೇನು ಎಂಬ ಒಂದು ಯೋಚನೆ ಆಕೆಯನ್ನು ಅಂಚಿನಿಂದ ಈಚೆಗೆ ತಂದಿತು.

ನಂಬಿದವರಿಂದ ಬಂದ ಗುಣ

ಈ ಕತ್ತಲಿನಲ್ಲಿ ಆಕೆಗೆ ಕ್ರಿಸಾ ಜಿಜೋಸ್ ಎಂಬ ಮಹಿಳೆಯ ಪರಿಚಯವಾಯಿತು. ವಾಷಿಂಗ್ಟನ್ ಪ್ರದೇಶದಲ್ಲಿ ಸಾರ್ವಜನಿಕ ಸಂಪರ್ಕ ಸಂಸ್ಥೆಯೊಂದನ್ನು ನಡೆಸುತ್ತಿದ್ದಾಕೆ. ಮುಂದೆ ಬ್ರಯಾನಾಳ ಬಾಳಸಂಗಾತಿಯಾದವಳು. ಈ ನೋವು ನಿಜವೆಂದು ಆಕೆ ನಂಬಿದಳು. ಪತ್ರಿಕೆಗಳ ಮೂಲಕ ವಿಷಯವನ್ನು ಹೊರಗೆ ತರುವ ಮಾತೆತ್ತಿದಾಗ ವರ್ಷಗಟ್ಟಲೆ ಅಲುಗದ ಕಡತ ಅಲುಗಿತು. 2013ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ತಲೆಯ ಹಿಂಭಾಗದ ನರಗಳು ಪೆಟ್ಟಿನಿಂದಾಗಿ ಸುತ್ತಲಿನ ಅಂಗಾಂಶದಲ್ಲಿ ಸಿಕ್ಕಿಕೊಂಡಿದ್ದವು. ವೈದ್ಯರು ಅವನ್ನು ಬಿಡಿಸಿದರು. ಮೂರೂವರೆ ವರ್ಷ ಬಿಡದೆ ಕಾಡಿದ ಆ ತಲೆನೋವು ಇಳಿಯಿತು. ನೆನಪು, ಮಾತು, ಸಮತೋಲನ ಇವುಗಳಿಗೆ ಮತ್ತಷ್ಟು ಕಾಲದ ಅಭ್ಯಾಸ ಬೇಕಾಯಿತು. ಗಿರವಿಯ ಪದಕಗಳು ಮನೆಗೆ ಮರಳಿದವು.

ಆ ನಂತರ ಬ್ರಯಾನಾ ಸುಮ್ಮನೆ ಕೂರಲಿಲ್ಲ. 2014ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕ್ರೀಡಾಪಟುಗಳ ತಲೆಪೆಟ್ಟಿನ ಬಗ್ಗೆ ಸಾಕ್ಷಿ ನುಡಿದಳು. ಶಾಲೆಗಳಲ್ಲಿ, ಸೈನಿಕರ ಮುಂದೆ, ತಾಯಿತಂದೆಯರ ಮುಂದೆ ತನ್ನ ಅನುಭವ ಹೇಳಿದಳು. 2015ರಲ್ಲಿ ಅಮೆರಿಕದ ಫುಟ್‌ಬಾಲ್ ಒಕ್ಕೂಟ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಚೆಂಡನ್ನು ತಲೆಯಿಂದ ಹೊಡೆಯಬಾರದೆಂದು ನಿಯಮ ತಂದಿತು. ಗಾಯಗೊಂಡ ಅನೇಕ ಆಟಗಾರರೂ ಪೋಷಕರೂ ಬಹುಕಾಲ ಎತ್ತಿದ ದನಿಯ ಫಲವದು. 2016ರಲ್ಲಿ ವಾಷಿಂಗ್ಟನ್ನಿನಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ನರ ಚರಿತ್ರೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಆಕೆಯ ವಿಶ್ವಕಪ್ ಅಂಗಿಗೆ ಸ್ಥಾನ ಸಿಕ್ಕಿತು. 2017ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಗೌರವಮಂದಿರಕ್ಕೆ ಆಯ್ಕೆಯಾದಳು. ಆ ಗೌರವ ಪಡೆದ ಮೊದಲ ಮಹಿಳಾ ಗೋಲ್‌ಕೀಪರ್, ಮೊದಲ ಕಪ್ಪು ಮಹಿಳೆ ಈಕೆ. 2022ರಲ್ಲಿ ಆತ್ಮಕಥೆ ಬಂತು. ಹೆಸರು ‘ಮೈ ಗ್ರೇಟೆಸ್ಟ್ ಸೇವ್’, ಅಂದರೆ ನಾನು ಮಾಡಿದ ಅತಿ ದೊಡ್ಡ ರಕ್ಷಣೆ. ಪಾಸಡೀನದಲ್ಲಿ ಲಿಯು ಯಿಂಗಳ ಚೆಂಡನ್ನು ತಡೆದದ್ದು ಆ ರಕ್ಷಣೆಯಲ್ಲ. ತನ್ನ ಪ್ರಾಣವನ್ನು ತಾನೇ ಉಳಿಸಿಕೊಂಡದ್ದನ್ನು ಆಕೆ ಹಾಗೆ ಕರೆದಿದ್ದಾಳೆ.

ನಮ್ಮ ಮನೆಗಳಿಗೆ ಬೇಕಾದ ಮಾತು

ದೂರದ ದೇಶದ ಆಟಗಾರ್ತಿಯ ಕಥೆ ನಮಗೇಕೆ ಎಂದು ಕೇಳುವ ಹಿರಿಯರು ಇರಬಹುದು. ಮಿದುಳಿನ ಆಘಾತಕ್ಕೆ ವಿಶ್ವಕಪ್ಪೇ ಬೇಕಾಗಿಲ್ಲ. ಕಬಡ್ಡಿಯಲ್ಲಿ ತಲೆಗೆ ತಲೆ ತಾಗಿದರೆ ಸಾಕು. ಸೈಕಲ್ಲಿನಿಂದ, ಮಾವಿನ ಕೊಂಬೆಯಿಂದ, ಬಚ್ಚಲ ಪಾಚಿಯ ಮೇಲೆ ಜಾರಿ ಬಿದ್ದರೂ ಆಗುತ್ತದೆ. ಸ್ಕೂಟರಿನ ಹಿಂದೆ ಕೂತ ಗೃಹಿಣಿ ಉಬ್ಬುತಗ್ಗಿನಲ್ಲಿ ಉರುಳಿದರೂ ಆಗುತ್ತದೆ. ನೆತ್ತಿಗೆ ಎಣ್ಣೆ ತಟ್ಟಿ, ಒಂದು ಲೋಟ ಹಾಲು ಕುಡಿಸಿ, ಏನೂ ಆಗಿಲ್ಲ ಏಳು ಎನ್ನುವುದು ನಮ್ಮ ರೂಢಿ. ಪ್ರೀತಿಯ ರೂಢಿಯೇ, ಆದರೆ ಸಾಲದು.

ವೈದ್ಯರು ಹೇಳುವುದಿಷ್ಟು. ತಲೆಗೆ ಪೆಟ್ಟಾದವರು ಅದೇ ದಿನ ಮತ್ತೆ ಆಟಕ್ಕೆ ಇಳಿಯಬಾರದು. ಮಿದುಳು ಚೇತರಿಸಿಕೊಳ್ಳುವ ಮುನ್ನ ಎರಡನೆಯ ಪೆಟ್ಟು ಬಿದ್ದರೆ ಅಪಾಯ ಹಲವು ಪಟ್ಟು ಹೆಚ್ಚು. ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದಂಥ ಮಂಪರು, ತೊದಲುವ ಮಾತು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಅಗಲವಾಗುವುದು, ಕೈಕಾಲಿನ ಬಲಹೀನತೆ, ಸೆಳವು, ಏರುತ್ತಲೇ ಹೋಗುವ ತಲೆನೋವು ಇವುಗಳಲ್ಲಿ ಯಾವುದು ಕಂಡರೂ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇವಾವುವೂ ಇಲ್ಲದಿದ್ದರೂ ವೈದ್ಯರಿಗೆ ತೋರಿಸಿ, ಒಂದೆರಡು ದಿನ ವಿಶ್ರಾಂತಿ ಕೊಟ್ಟು, ನಂತರ ನಿಧಾನವಾಗಿ ಓದು, ಆಮೇಲೆ ಆಟ ಎಂಬ ಕ್ರಮದಲ್ಲಿ ಮರಳಬೇಕು. ಪೆಟ್ಟಾದ ವಾರಗಳಲ್ಲಿ ಮಗು ಸಿಡುಕುತ್ತಿದ್ದರೆ, ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರೆ, ಪಾಠ ಮರೆಯುತ್ತಿದ್ದರೆ ಸೋಮಾರಿ ಎಂದು ಬೈಯುವ ಮೊದಲು ಆ ಪೆಟ್ಟನ್ನು ನೆನೆಯಬೇಕು. ಹುಡುಗರೂ ಹುಡುಗಿಯರೂ ಒಂದೇ ನಿಯಮದಡಿ ಆಡುವ ಆಟಗಳಲ್ಲಿ ಹುಡುಗಿಯರಲ್ಲಿ ಈ ಆಘಾತ ಹೆಚ್ಚು ಕಂಡುಬರುತ್ತದೆಂದು ಅನೇಕ ಅಧ್ಯಯನಗಳು ತಿಳಿಸಿವೆ. ಹೆಣ್ಣುಮಕ್ಕಳನ್ನು ಆಟದಿಂದ ಬಿಡಿಸಲು ಇದನ್ನು ನೆಪ ಮಾಡಿಕೊಳ್ಳಬಾರದು. ಅವರು ಆಡಲಿ, ನೋಯುತ್ತಿದೆ ಎಂದು ಹೇಳುವ ಧೈರ್ಯವನ್ನೂ ಕಲಿಯಲಿ.

ಇದಕ್ಕಿಂತ ಆಳವಾದ ಮಾತು ಇನ್ನೊಂದಿದೆ. ನಮ್ಮ ಮನೆಗಳಲ್ಲಿ ತಲೆನೋವು ಎಂದರೆ ಬೇಗ ನಂಬಿಸಿಕೊಳ್ಳುವವರು ಯಾರು, ಬಹುಕಾಲ ನಂಬಿಸಲಾಗದವರು ಯಾರು ಎಂದು ಒಮ್ಮೆ ಯೋಚಿಸಿ ನೋಡೋಣ. ಹಣೆಗೆ ಬಟ್ಟೆ ಬಿಗಿದುಕೊಂಡು ಅಡುಗೆ ಮುಗಿಸಿದ ತಾಯಿ, ನಿದ್ದೆ ಬರುತ್ತಿಲ್ಲ ಎಂದ ಸೊಸೆ, ಮನಸ್ಸಿಗೆ ಏನೋ ಆಗುತ್ತಿದೆ ಎಂದ ಮಗ ಇವರಿಗೆಲ್ಲ ನಾವು ಕೊಡುವ ಉತ್ತರ ಬಹುತೇಕ ಒಂದೇ: ಎಲ್ಲ ಸರಿಹೋಗುತ್ತದೆ. ಗಾಯ ಕಾಣದಿದ್ದರೆ ನೋವಿಲ್ಲವೆಂದು ತೀರ್ಮಾನಿಸುವುದು ಸುಲಭ. ಬ್ರಯಾನಾ ಸ್ಕರಿಯಂಥ ಪ್ರಸಿದ್ಧಳ ಮಾತಿಗೇ ಸಾಕ್ಷಿ ಕೇಳಿದ ಜಗತ್ತಿದು. ಹೆಸರಿಲ್ಲದ ಹೆಣ್ಣುಮಗಳ ಮಾತಿಗೆ ಎಷ್ಟು ಬೆಲೆ ಬಂದೀತು? ಅಂಥವರು ಮನೆಯಲ್ಲಿದ್ದರೆ ಅವರನ್ನು ಒಂಟಿಯಾಗಿ ಬಿಡದೆ, ಹತ್ತಿರ ಕೂತು ಕೇಳಿ, ವೈದ್ಯರ ಬಳಿಗೆ ಜೊತೆಯಾಗಿ ಹೋಗುವುದು ನೆಂಟರಿಷ್ಟರ ಮೊದಲ ಕರ್ತವ್ಯ. ಆಕೆಯನ್ನು ಉಳಿಸಿದ್ದು ಶಸ್ತ್ರಚಿಕಿತ್ಸೆಯೆಂದರೆ ಅರ್ಧ ಸತ್ಯ. ಆಕೆಯ ಮಾತನ್ನು ಒಬ್ಬರು ನಂಬಿದ ಮೇಲೆ ಆ ಶಸ್ತ್ರಚಿಕಿತ್ಸೆ ಸಾಧ್ಯವಾಯಿತು.

ಪ್ರತಿಯೊಂದು ಸಂಸಾರದಲ್ಲಿಯೂ ಬಾಗಿಲು ಕಾಯುವ ಒಂದು ಜೀವ ಇರುತ್ತದೆ. ಎಲ್ಲರ ಊಟ, ಎಲ್ಲರ ಔಷಧ, ಎಲ್ಲರ ಮಾನ ಕಾಯುತ್ತ ತನ್ನ ನೋವನ್ನು ಲೆಕ್ಕಕ್ಕೆ ಹಿಡಿಯದ ಜೀವ ಅದು. ನಿಮ್ಮ ಮನೆಯಲ್ಲಿ ಆ ಜೀವ ಯಾರೆಂದು ನೀವೇ ಬಲ್ಲಿರಿ. ಹೇಗಿದ್ದೀ ಎಂದು ಈ ದಿನ ಒಮ್ಮೆ ಕೇಳಿ. ಬಂದ ಉತ್ತರವನ್ನು ನಂಬಿ.